ಪ್ರತಿ ಭೇಟಿಯಲ್ಲೂ ಅನುಮತಿಸಿ

ಬೆಳ್ಳಾರೆಯ ತ್ಯಾಂಪಣ್ಣ ಮಾಸ್ಟ್ರ ಕೈಗೆ ಮೈಕು ಬಂದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ. ಅಲ್ಲಿಂದ ಮುಂದೆ ನಲವತ್ತು ವರ್ಷ ಅದನ್ನು ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕುಗಳಲ್ಲಿ ಶಾಲಾ ವಾರ್ಷಿಕೋತ್ಸವ ಇರಲಿ, ಯುವಕ ಮಂಡಲದ ಕಬಡ್ಡಿ ಇರಲಿ, ಬಸ್ ತಂಗುದಾಣದ ಉದ್ಘಾಟನೆಯೇ ಇರಲಿ, "ಸಭೆಯ ಅಪ್ಪಣೆ ಪಡೆದು..." ಎಂದು ಅವರು ಗಂಟಲು ಸರಿಪಡಿಸಿಕೊಳ್ಳದಿದ್ದರೆ ಕಾರ್ಯಕ್ರಮ ಆದ ಹಾಗೆಯೇ ಅಲ್ಲ. ಮೊದಲು ಹಗಲಿಗೆ ಸರಕಾರಿ ಶಾಲೆಯಲ್ಲಿ ಕನ್ನಡ ಪಾಠ, ಸಂಜೆಗೆ ಮೈಕು. ನಿವೃತ್ತಿಯಾದ ಮೇಲೆ ಹಗಲೂ ಮೈಕು.

ಮೈಕು ಹಿಡಿಯುವುದು ಸುಲಭ ಎಂದು ತಿಳಿದವರು ನಮ್ಮ ಕಡೆಯ ವೇದಿಕೆ ಏರಿ ನೋಡಬೇಕು. ಇಲ್ಲಿನ ಜನ ಊಟದಲ್ಲಿ ಪಾಯಸ ಮುಗಿದರೆ ಕ್ಷಮಿಸುತ್ತಾರೆ. ಸ್ವಾಗತದಲ್ಲಿ ಹೆಸರು ಬಿಟ್ಟರೆ ಮಗಳ ಮದುವೆಗೂ ಕರೆಯುವುದಿಲ್ಲ. 'ಮಾಜಿ ಅಧ್ಯಕ್ಷರು' ಬೇರೆ, 'ನಿಕಟಪೂರ್ವ ಅಧ್ಯಕ್ಷರು' ಬೇರೆ. ಒಬ್ಬರಿಗೆ ಹೇಳಬೇಕಾದ್ದನ್ನು ಇನ್ನೊಬ್ಬರಿಗೆ ಹೇಳಿದರೆ ಮುಗಿಯಿತು. ಬೇಲಿ ವಿಷಯದಲ್ಲಿ ಕೋರ್ಟಿಗೆ ಹೋಗಿರುವ ಅಣ್ಣತಮ್ಮಂದಿರನ್ನು ಒಂದೇ ಉಸಿರಿನಲ್ಲಿ ಸ್ವಾಗತಿಸಬಾರದು, ನಡುವೆ ಕನಿಷ್ಠ ಒಬ್ಬ ಡಾಕ್ಟರನ್ನಾದರೂ ಹಾಕಬೇಕು. ಇದೆಲ್ಲ ಮಾಸ್ಟ್ರ ಮಂಡೆಯಲ್ಲಿತ್ತು. ಮೇಲಾಗಿ ಯಾರಿಗೂ ಜಿಪುಣತನ ಮಾಡದೆ ವಿಶೇಷಣ ಹಂಚುತ್ತಿದ್ದರು. ಹತ್ತು ರೂಪಾಯಿ ಬಿಚ್ಚದವನು ಅವರ ಬಾಯಲ್ಲಿ 'ಕೊಡುಗೈ ದಾನಿ', ದಿನಕ್ಕೊಂದು ಜಗಳ ಮಾಡುವವನು 'ಅಜಾತಶತ್ರು'. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು, ಯಾರಿಗೂ ನಷ್ಟವಿಲ್ಲ.

ಅರವತ್ತೈದು ದಾಟಿದ ಮೇಲೆ ಮಂಡೆ ಕೈಕೊಡತೊಡಗಿತು. ಕುಂಬ್ರದ ಒಂದು ಕಾರ್ಯಕ್ರಮದಲ್ಲಿ ವೈದ್ಯರನ್ನು 'ಪ್ರಗತಿಪರ ಹೈನುಗಾರರು' ಎಂದು ಕರೆದದ್ದೇ ನೆಪವಾಗಿ ಅವರು ತಮ್ಮ ಹಳೇ ಶಿಷ್ಯೆ ನುಸೈಬಾಳ ಬಳಿಗೆ ಹೋದರು. ಬೆಳ್ಳಾರೆ ಬಸ್‌ಸ್ಟ್ಯಾಂಡಿನ ಹಿಂದುಗಡೆ ಅವಳದ್ದೊಂದು ಅಂಗಡಿ: ಕಂಪ್ಯೂಟರ್ ಟೈಪಿಂಗ್, ಜೆರಾಕ್ಸ್, ಮದುವೆ ಕಾಗದ, ಸ್ಮರಣ ಸಂಚಿಕೆ. ಮನೆಯಲ್ಲಿ ಬ್ಯಾರಿ ಭಾಷೆ, ಬೀದಿಯಲ್ಲಿ ತುಳು; ಕನ್ನಡ ಮಾತ್ರ ಮಾಸ್ಟ್ರು ಕಲಿಸಿದ್ದು. ಆ ಕನ್ನಡವನ್ನೇ ಅವಳು ಹದಿನೈದು ವರ್ಷದಿಂದ ಅಚ್ಚು ಹಾಕಿ ಜೀವನ ಮಾಡುತ್ತಿದ್ದಳು.

ನುಸೈಬಾ ಮಾಸ್ಟ್ರ ಲ್ಯಾಪ್‌ಟಾಪಿಗೆ ಗಣ್ಯರ ಪಟ್ಟಿ ಇಡಲು ಒಂದು ಪುಟ ಮಾಡಿಕೊಟ್ಟಳು. ಬ್ರೌಸರಿನಲ್ಲಿ ತೆರೆಯಬೇಕು, ಹೆಸರು, ಹುದ್ದೆ, ವಿಶೇಷಣ ಹಾಕಬೇಕು, 'ಉಳಿಸು' ಒತ್ತಬೇಕು, ಅಷ್ಟೆ.

"ಫೈಲು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರ್ತದೆ ಸಾರ್, ಹೊರಗೆ ಎಲ್ಲಿಗೂ ಹೋಗುದಿಲ್ಲ" ಎಂದಳು. ಯಾರ ನಡುವೆ ಡಾಕ್ಟರನ್ನು ಕೂರಿಸಬೇಕೆಂಬ ಗುಟ್ಟು ಹೊರಗೆ ಹೋದರೆ ಊರಲ್ಲಿ ಬದುಕುವುದುಂಟೇ? ಮಾಸ್ಟ್ರಿಗೆ ಸಮಾಧಾನವಾಯಿತು.

ಮನೆಗೆ ಬಂದು ಮೊದಲ ಹೆಸರು ಹಾಕಿ 'ಉಳಿಸು' ಒತ್ತಿದರು. ಪರದೆಯ ಮೇಲೆ ಪುಟ್ಟ ಚೌಕವೊಂದು ಎದ್ದು ಬಂತು. ಈ ಪುಟವು ನಿಮ್ಮ ಫೈಲಿನಲ್ಲಿ ಬದಲಾವಣೆ ಮಾಡಬಹುದೇ ಎಂದು ಕನ್ನಡದಲ್ಲೇ ಕೇಳಿತು. ಕೆಳಗೆ ಮೂರು ಗುಂಡಿ: 'ಈ ಬಾರಿ ಅನುಮತಿಸಿ', 'ಪ್ರತಿ ಭೇಟಿಯಲ್ಲೂ ಅನುಮತಿಸಿ', 'ಅನುಮತಿಸಬೇಡಿ'.

ಮಾಸ್ಟ್ರಿಗೆ ರೋಮಾಂಚನ. ನಲವತ್ತು ವರ್ಷ ಸಭೆಯ ಅಪ್ಪಣೆ, ಅಧ್ಯಕ್ಷರ ಅಪ್ಪಣೆ, ಗಣ್ಯರ ಅಪ್ಪಣೆ ಬೇಡಿದ ಮನುಷ್ಯನ ಅಪ್ಪಣೆಯನ್ನು ಇದೇ ಮೊದಲು ಒಬ್ಬರು ಕೇಳಿದ್ದು. ಹೆಂಡತಿಯನ್ನು ಕೂಗಿ ಕರೆದರು.

"ಸೇವಂತಿ, ಇಲ್ಲಿ ಬಾ. ನೋಡು, ಇದು ನನ್ನ ಅಪ್ಪಣೆ ಕೇಳ್ತಾ ಉಂಟು."

"ಈ ಮನೆಯಲ್ಲಿ ಒಂದಾದ್ರೂ ಕೇಳ್ಲಿ" ಎಂದು ಸೇವಂತಿ ಒಳಗೆ ಹೋದರು.

ಮಾಸ್ಟ್ರು ಕನ್ನಡಕ ಏರಿಸಿ ಮೂರು ಗುಂಡಿಗಳನ್ನೂ ವ್ಯಾಕರಣಬದ್ಧವಾಗಿ ಓದಿದರು. 'ಅನುಮತಿಸಿ' ಎಂದರೆ ವಿಧ್ಯರ್ಥ. ಆಜ್ಞೆ ಅಥವಾ ಕೋರಿಕೆ. ಅಂದರೆ ಈ ಚೌಕ ತನ್ನನ್ನು ಕೋರುತ್ತಿದೆ. 'ಪ್ರತಿ ಭೇಟಿಯಲ್ಲೂ ಅನುಮತಿಸಿ' ಎಂದರೆ, ಸ್ವಾಮೀ, ತಾವು ಬಂದಾಗಲೆಲ್ಲ ಅನುಮತಿ ಕೊಡುತ್ತಿರಬೇಕು ಎಂದು. ಅದೆಂತ ಕರ್ಮ! 'ಈ ಬಾರಿ ಅನುಮತಿಸಿ' ಎಂದರೆ ಈ ಒಂದು ಸಲ ಕೊಟ್ಟುಬಿಡಿ, ಮತ್ತೆ ಉಪದ್ರ ಇಲ್ಲ ಎಂದು. ಬುದ್ಧಿ ಇರುವವರು ಯಾವುದನ್ನು ಒತ್ತುತ್ತಾರೆ? ಮಾಸ್ಟ್ರು 'ಈ ಬಾರಿ' ಒತ್ತಿದರು.

ಮರುದಿನ ಪುಟ ತೆರೆದು ಎರಡನೇ ಹೆಸರು ಹಾಕಿದರೆ ಚೌಕ ಮತ್ತೆ ಹಾಜರು. ಅವರಿಗೆ ಒಂದು ಅಭ್ಯಾಸವಿತ್ತು, ಹಾಜರಿ ಪುಸ್ತಕದ ಕಾಲದ್ದು: ಕೆಲಸ ಆದ ಕೂಡಲೇ ಮುಚ್ಚಿಡುವುದು. ಒಂದು ಹೆಸರು ಹಾಕಿದರು, ಪುಟ ಮುಚ್ಚಿದರು. ಇನ್ನೊಂದು ನೆನಪಾಯಿತು, ತೆರೆದರು. ಚೌಕ ಬಂತು. ಹಟ ಬಿಡದೆ ಪ್ರತಿ ಸಲವೂ 'ಈ ಬಾರಿ, ಇದೊಂದು ಬಾರಿ' ಎಂದು ಒತ್ತಿದರು. ಹೀಗೆ ವರ್ಷ ಒಂದಾಯಿತು. ರೋಮಾಂಚನ ಹೋಗಿ ಕಿರಿಕಿರಿ, ಕಿರಿಕಿರಿ ಹೋಗಿ ಮಂಡೆಬಿಸಿ. ಶಿಷ್ಯೆಯನ್ನು ಕೇಳಬಹುದಿತ್ತು. ಕೇಳುವುದೇ? ಕನ್ನಡದಲ್ಲಿ ಬರೆದದ್ದನ್ನು ತಾನು ಹೋಗಿ ಕೇಳುವುದೇ?

ಆಗ ಹಾಲಿನ ಸೊಸೈಟಿಯ ಹೊಸ ಕಟ್ಟಡದ ಶಿಲಾನ್ಯಾಸ ಬಂತು. ಐದು ಸೆಂಟ್ಸ್ ಜಾಗ ಬಿಟ್ಟುಕೊಟ್ಟವರು ಕುಶಾಲಪ್ಪ ಗೌಡರು. ಹೆಸರು ಕುಶಾಲಪ್ಪ ಆದರೂ ಕುಶಾಲು ಎಂದರೆ ಏನೆಂದು ಗೊತ್ತಿಲ್ಲದ ಮನುಷ್ಯ. ಹಿಂದಿನ ದಿನ ಮಾಸ್ಟ್ರು ಪಟ್ಟಿಯ ತಲೆಗೇ 'ಸ್ಥಳದಾನಿ, ಕರ್ಣಸದೃಶ' ಎಂದು ಅವರ ಹೆಸರು ಹಾಕಿ 'ಉಳಿಸು' ಒತ್ತಿದರು. ಚೌಕ ಬಂತು. ಅವತ್ತು ಮಾಸ್ಟ್ರ ತಾಳ್ಮೆ ತಪ್ಪಿತು. ಜೊತೆಗೆ ಜ್ಞಾನೋದಯವೂ ಆಯಿತು. ಮೂರನೆಯ ಗುಂಡಿ ಇದೆಯಲ್ಲ! 'ಅನುಮತಿಸಬೇಡಿ.' ಮದುವೆ ಮನೆಯಲ್ಲಿ 'ಎದ್ದೇಳಬೇಡಿ, ಕೂತುಕೊಳ್ಳಿ' ಎನ್ನುವ ಹಾಗೆ, 'ಇನ್ನು ತಾವು ಅನುಮತಿಸುವ ಕಷ್ಟ ತೆಗೆದುಕೊಳ್ಳಬೇಡಿ' ಎಂದು ಪಾಪ ಅದು ಇಷ್ಟು ದಿನದಿಂದ ವಿನಯದಿಂದ ಹೇಳುತ್ತಿತ್ತು. ತಾನು ಗಮನಿಸಿರಲಿಲ್ಲ. ಒತ್ತಿದರು. ಚೌಕ ಮಾಯ. ಮಾಸ್ಟ್ರು ಪುಟ ಮುಚ್ಚಿ ನೆಮ್ಮದಿಯಾಗಿ ಊಟ ಮಾಡಿದರು.

ಬೆಳಿಗ್ಗೆ ಪಟ್ಟಿ ತೆರೆದು ಇದ್ದದ್ದನ್ನು ಇದ್ದ ಹಾಗೆ ಚೀಟಿಗೆ ಇಳಿಸಿಕೊಂಡರು. ಪಟ್ಟಿಗೆ ಹಾಕಿದ್ದೇನೆ ಎಂಬ ಧೈರ್ಯದಲ್ಲಿ ಮಂಡೆ ಆಗಲೇ ಕುಶಾಲಪ್ಪರನ್ನು ಇಳಿಸಿ ಹಗುರಾಗಿತ್ತು. ಹತ್ತೂವರೆಗೆ ಹದಿನೇಳು ಗಣ್ಯರನ್ನು ಕಂಚಿನ ಕಂಠದಲ್ಲಿ ಸ್ವಾಗತಿಸಿದರು. ಹದಿನೆಂಟನೆಯವರು ವೇದಿಕೆಯ ಎಡಗಡೆಯಿಂದ ಮೂರನೆಯ ಕುರ್ಚಿಯಲ್ಲಿ ಕುಳಿತು ಕಾದರು. ಧನ್ಯವಾದದವರೆಗೂ ಕಾದರು. ಅನಂತರ ಹೆಗಲ ಬೈರಾಸು ಕೊಡವಿ, ಊಟ ಮಾಡದೆ ಹೊರಟುಹೋದರು. ಜಾಗ ಅವರದ್ದು; ಕೆಲಸ ಶಿಲಾನ್ಯಾಸದ ಕಲ್ಲಿಗೇ ನಿಂತಿತು.

ಸೊಸೈಟಿಯ ಅಧ್ಯಕ್ಷ ಯಜ್ಞೇಶ್ವರ ಓಡಿಬಂದರು. "ಎಂತ ಮಾಸ್ಟ್ರೆ ಇದು? ಜಾಗ ಕೊಟ್ಟವರನ್ನೇ ಬಿಟ್ರಲ್ಲ!"

ಇಂಥ ಹೊತ್ತಿನಲ್ಲಿ ಮನುಷ್ಯನ ಬಾಯಿ ಮನುಷ್ಯನನ್ನು ಕೇಳಿ ಮಾತಾಡುವುದಿಲ್ಲ. "ನಾನು ಹಾಕಿದ್ದೆ ಮಾರಾಯ್ರೆ, ದೇವರಾಣೆ ಹಾಕಿದ್ದೆ! ಆ ನುಸೈಬಾ ಮಾಡಿಕೊಟ್ಟದ್ದೇ ಸಮ ಇಲ್ಲ. ಹೆಸರನ್ನು ತಿಂದು ಹಾಕಿತು" ಎಂದರು ಮಾಸ್ಟ್ರು.

ಒಂದೇ ಮಾತು. ಸಂಜೆಯೊಳಗೆ ಅದು ಸುಳ್ಯದಾಚೆಯ ಅಜ್ಜಾವರದವರೆಗೆ ಮುಟ್ಟಿತು. ನುಸೈಬಾಳ ಅಂಗಡಿಯಲ್ಲಿ ಹೆಸರು ಬಿಟ್ಟುಹೋಗುತ್ತದಂತೆ! ಮದುವೆ ಕಾಗದ ಮಾಡಿಸುವವರಿಗೆ ಇದಕ್ಕಿಂತ ದೊಡ್ಡ ಹೆದರಿಕೆ ಬೇರೆ ಬೇಕೇ? ಸೋದರಮಾವನ ಹೆಸರೇ ಹಾರಿಹೋದರೆ? ಅಚ್ಚಿಗೆ ಕೊಟ್ಟ ಕಾಗದಗಳನ್ನು ಜನ ನಯವಾಗಿ ವಾಪಸು ಪಡೆದರು. ಸೊಸೈಟಿಯ ಸುವರ್ಣ ಮಹೋತ್ಸವ ಎರಡು ತಿಂಗಳಲ್ಲಿ ಇತ್ತು. ಅದರ ಸ್ಮರಣ ಸಂಚಿಕೆ ಅವಳ ಕೈಯಲ್ಲಿ ಅರ್ಧ ಆಗಿತ್ತು. ಅದನ್ನೂ ಪುತ್ತೂರಿನ ಒಂದು ಪ್ರೆಸ್ಸಿಗೆ ಕೊಟ್ಟರು.

ಇದೇನೂ ಸರಿಯಾಗಿ ತಿಳಿಯದ ಮಾಸ್ಟ್ರು ಮೂರನೇ ದಿನ ಲ್ಯಾಪ್‌ಟಾಪು ಕಂಕುಳಲ್ಲಿಟ್ಟು ಅವಳನ್ನು ಬೈಯಲಿಕ್ಕೆಂದೇ ಹೋದರು. ಅಂಗಡಿ ಖಾಲಿ ಇತ್ತು.

"ಎಂತ ಮಾಡಿಟ್ಟಿದ್ದಿ ಮಾರಾಯ್ತಿ? ಒಂದು ವರ್ಷದಿಂದ ಅನುಮತಿ ಕೊಟ್ಟು ಕೊಟ್ಟು ಸಾಕಾಯ್ತು. ಕಡೆಗೆ ಹೆಸರೇ ಇಲ್ಲ!"

"ಒಮ್ಮೆ ನೀವು ಮಾಡುವ ಹಾಗೆಯೇ ಮಾಡಿ ತೋರಿಸಿ ಸಾರ್" ಎಂದಳು ನುಸೈಬಾ.

ಮಾಸ್ಟ್ರು ಮಾಡಿದರು. ಈಗ ಚೌಕವೂ ಬರಲಿಲ್ಲ, ಹೆಸರೂ ಉಳಿಯಲಿಲ್ಲ. ಅವಳು ವಿಳಾಸದ ಎಡಗಡೆಯ ಸಣ್ಣ ಗುರುತನ್ನು ಒತ್ತಿ ನೋಡಿದಳು. ಫೈಲು ಬದಲಿಸುವ ಅನುಮತಿ ಪೂರ್ತಿ ಬಂದ್ ಆಗಿತ್ತು.

"ಸಾರ್, ನೀವು ಮೊನ್ನೆ 'ಅನುಮತಿಸಬೇಡಿ' ಒತ್ತಿದ್ದಾ?"

"ಹೌದು. ಇನ್ನು ಅನುಮತಿಸಬೇಡಿ ಅಂತ ಅದೇ ಹೇಳ್ತದಲ್ಲ."

ನುಸೈಬಾ ಮಾಸ್ಟ್ರ ಮುಖವನ್ನೇ ನೋಡಿದಳು. ನಗಬೇಕೋ ಬೇಡವೋ ತಿಳಿಯದ ನೋಟ. "ಮತ್ತೆ ಮೊದಲು ಎರಡನೇದು ಯಾಕೆ ಒತ್ತಲಿಲ್ಲ ಸಾರ್? 'ಪ್ರತಿ ಭೇಟಿಯಲ್ಲೂ' ಅಂತ ಉಂಟಲ್ಲ, ಅದನ್ನು ಒತ್ತಿದ್ರೆ ಅದು ಮತ್ತೆ ಕೇಳುದೇ ಇಲ್ಲ."

"ಕೇಳುದಿಲ್ವಾ? ಪ್ರತಿ ಭೇಟಿಯಲ್ಲೂ ಅನುಮತಿಸಿ ಅಂತ ಬರೆದುಕೊಂಡೇ ಉಂಟು! 'ಅನುಮತಿಸಿ' ಯಾವ ರೂಪ? ವಿಧ್ಯರ್ಥ. ಯಾರಿಗೆ ಹೇಳಿದ್ದು? ನನಗೆ. ನಾನು ಪ್ರತಿ ಭೇಟಿಯಲ್ಲೂ ಕೊಡ್ಬೇಕು ಅಂತ."

"ವಿಧ್ಯರ್ಥ ಹೌದು ಸಾರ್. ಆದ್ರೆ ಅದು ನಿಮಗೆ ಹೇಳುದಲ್ಲ. ನೀವು ಅದಕ್ಕೆ ಹೇಳುದು. ಪ್ರಶ್ನೆ ಅದರದ್ದು, ಗುಂಡಿಯಲ್ಲಿ ಬರೆದದ್ದು ನಿಮ್ಮ ಉತ್ತರ. ಎಲ್ಲ ಭೇಟಿಗೂ ಅನುಮತಿ ಉಂಟು ಅಂತ ನೀವು ಒಂದೇ ಸಲ ಹೇಳುದು."

ಮಾಸ್ಟ್ರು ಮೂರು ಗುಂಡಿಗಳನ್ನೂ ಮನಸ್ಸಿನಲ್ಲೇ ಮತ್ತೊಮ್ಮೆ ಓದಿದರು. ಮಾತು ಯಾರದ್ದು, ಯಾರಿಗೆ ಎಂದು ಗುರುತಿಸಿ ಓದಬೇಕು ಎಂದು ಮೂವತ್ತು ವರ್ಷ ಏಳನೇ ತರಗತಿಗೆ ಬೊಬ್ಬೆ ಹಾಕಿದವರು ಅವರೇ.

"ಹಾಗಾದ್ರೆ ಕುಶಾಲಪ್ಪರನ್ನು..."

"ನೀವೇ ಬೇಡ ಅಂದದ್ದು ಸಾರ್."

ಅವಳು ಅದೇ ಸಣ್ಣ ಗುರುತಿನೊಳಗೆ ಹೋಗಿ ಅನುಮತಿಯನ್ನು ಮೊದಲಿನ ಸ್ಥಿತಿಗೆ ತಂದಳು, ಪುಟ ಮತ್ತೆ ತೆರೆದಳು, 'ಉಳಿಸು' ಒತ್ತಿದಳು. ಚೌಕ ಬಂತು. ಲ್ಯಾಪ್‌ಟಾಪನ್ನು ಮಾಸ್ಟ್ರ ಕಡೆಗೆ ತಿರುಗಿಸಿದಳು. ಅವರ ಬೆರಳು ಎರಡನೆಯ ಗುಂಡಿಯನ್ನು ಮುಟ್ಟಿತು. ಮುಚ್ಚಿ ತೆರೆದರು, ಉಳಿಸಿದರು. ಏನೂ ಕೇಳಲಿಲ್ಲ. ಇನ್ನೊಮ್ಮೆ ಮುಚ್ಚಿ ತೆರೆದರು. ಇಲ್ಲ. ವರ್ಷದ ಉಪದ್ರ ಎರಡು ನಿಮಿಷದಲ್ಲಿ ತೀರಿತ್ತು. ಮಾಸ್ಟ್ರಿಗೆ ಆದ ಸಂಕಟ ಮಾತ್ರ ಆ ಎರಡು ನಿಮಿಷದಲ್ಲೇ ಶುರುವಾದದ್ದು.

"ಸಂಚಿಕೆಯನ್ನು ಪುತ್ತೂರಿಗೆ ಕೊಟ್ರಂತೆ ಸಾರ್. ಕಾಗದದವರೂ ಯಾರೂ ಬರುದಿಲ್ಲ. ಕೇಳಿದವರಿಗೆ ನಾನು ಎಂತ ಹೇಳ್ಲಿ?" ಎಂದಳು ನುಸೈಬಾ. ದೂರಿನ ದನಿ ಅಲ್ಲ, ನಿಜವಾಗಿ ಕೇಳುತ್ತಿದ್ದಳು.

ಮಾಸ್ಟ್ರು ಲ್ಯಾಪ್‌ಟಾಪು ಕಂಕುಳಲ್ಲಿಟ್ಟು ಮನೆಗೆ ಬಂದರು. ಎಲ್ಲ ಕೇಳಿದ ಸೇವಂತಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋಗಿ, ತಪ್ಪು ನನ್ನದು ಅಂತ ಸೊಸೈಟಿಯಲ್ಲಿ ಹೇಳಿ ಬನ್ನಿ" ಎಂದರು.

"ಮೂರು ಶಬ್ದ ಕನ್ನಡ ಓದ್ಲಿಕ್ಕೆ ಬಾರದವನ ಕೈಗೆ ಮತ್ತೆ ಮೈಕು ಯಾರು ಕೊಡ್ತಾರೆ?"

"ಆ ಹುಡುಗಿಯ ಅನ್ನದ ಮೇಲೆ ಕಲ್ಲು ಹಾಕಿ ಮೈಕು ಹಿಡ್ಕೊಂಡು ಎಂತ ಮಾಡ್ತೀರಿ?"

ಒಂದು ವಾರ ಮಾಸ್ಟ್ರು ಒದ್ದಾಡಿದರು. ಮೈಕು ಬಿಟ್ಟರೆ ಅವರಿಗೆ ಬೇರೆ ಜೀವನವೇ ಇರಲಿಲ್ಲ. ತೋಟಕ್ಕೆ ಹೋದರೆ ಅಡಿಕೆ ಮರಗಳಿಗೂ ಸ್ವಾಗತ ಹೇಳುವ ಜೀವ. ಕೊನೆಗೆ ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಎದ್ದು ನಿಂತರು. ಯಜ್ಞೇಶ್ವರ ಇದ್ದರು, ಹೇಗೋ ಒಪ್ಪಿಸಿ ಕರೆತಂದಿದ್ದ ಕುಶಾಲಪ್ಪರೂ ಇದ್ದರು.

"ಆವತ್ತಿನ ತಪ್ಪು ನನ್ನದು. ಕಂಪ್ಯೂಟರಿನದ್ದಲ್ಲ, ನುಸೈಬಾಳದ್ದಲ್ಲ. ಅದು ಕನ್ನಡದಲ್ಲಿ ಕೇಳಿತು, ನಾನು ತಪ್ಪು ಓದಿದೆ" ಎಂದರು.

ಮೊದಲು ನಕ್ಕವರು ಯಜ್ಞೇಶ್ವರ. "ನೀವು ಕನ್ನಡ ತಪ್ಪು ಓದುದಾ? ನಮ್ಮನ್ನು ಮಂಗ ಮಾಡ್ಬೇಡಿ ಮಾರಾಯ್ರೆ."

"ಸತ್ಯ ಹೇಳ್ತಿದ್ದೇನೆ ಮಾರಾಯ್ರೆ! 'ಅನುಮತಿಸಬೇಡಿ' ಅಂತ ಇದ್ದದ್ದನ್ನು ನಾನು..."

"ಗೊತ್ತಾಯ್ತು ಮಾಸ್ಟ್ರೆ, ಗೊತ್ತಾಯ್ತು" ಎಂದು ಕುಶಾಲಪ್ಪ ಎದ್ದರು. ಜನ್ಮದಲ್ಲಿ ಕರಗದ ಮನುಷ್ಯನ ಕಣ್ಣಿನಲ್ಲಿ ನೀರು. "ಶಿಷ್ಯೆ ಮಾಡಿದ ತಪ್ಪನ್ನು ತಾನು ಹೊತ್ತುಕೊಳ್ಳುವ ಗುರು ಈಗ ಎಲ್ಲಿ ಉಂಟು? ನನಗೆ ಬೇಜಾರಿಲ್ಲ. ಮಹೋತ್ಸವದಲ್ಲಿ ಇವರಿಗೆ ಒಂದು ಸನ್ಮಾನ ಆಗ್ಬೇಕು. ಶಾಲು ನನ್ನದು."

ಚಪ್ಪಾಳೆಯೋ ಚಪ್ಪಾಳೆ. ಮಾಸ್ಟ್ರು ಇನ್ನೂ ಎರಡು ಸಲ "ನಾನೇ, ನಾನೇ" ಎಂದರು. ಹೇಳಿದಷ್ಟೂ ಚಪ್ಪಾಳೆ ಜೋರಾಯಿತು. ನಲವತ್ತು ವರ್ಷ ಬರೀ ವಿಶೇಷಣ ಹಂಚಿದ ಬಾಯಿಂದ ಒಂದು ನಿಜ ಬಂದರೆ ಜನ ಅದನ್ನೂ ವಿಶೇಷಣಕ್ಕೇ ಸೇರಿಸಿಬಿಡುತ್ತಾರೆ, ತಪ್ಪು ಅವರದ್ದಲ್ಲ. ನುಸೈಬಾಳ ಮೇಲಿನ ಅಪವಾದ ಈಗ ಗುರುಮುಖೇನ ಖಾಯಂ ಆಯಿತು. ಪಾಪ, ಎಷ್ಟು ದೊಡ್ಡ ತಪ್ಪು ಮಾಡಿರಬೇಕು, ಮಾಸ್ಟ್ರು ಮುಚ್ಚಿಹಾಕುತ್ತಾರೆಂದರೆ!

ಸನ್ಮಾನ ಎಂದರೆ ಏನೆಂದು ಮೂರು ತಾಲೂಕಿನಲ್ಲಿ ಮಾಸ್ಟ್ರಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಸನ್ಮಾನಿತರು ಕುರ್ಚಿಯಲ್ಲಿ ಕೂರಬೇಕು, ಮೈಕು ಹಿಡಿಯುವ ಹಾಗಿಲ್ಲ. ನಿರೂಪಣೆಗೆ ಪುತ್ತೂರಿನಿಂದ ತನ್ಮಯೀ ಎಂಬ ಹುಡುಗಿ ಬಂದಳು. ಒಂದು ಹೆಸರೂ ಬಿಡಲಿಲ್ಲ, 'ನಿಕಟಪೂರ್ವ'ವನ್ನೂ ಸರಿಯಾದ ಕಡೆ ಹಾಕಿದಳು. ಮಾಸ್ಟ್ರು ಪೇಟ ಇಟ್ಟು, ಶಾಲು ಹೊದ್ದು, ಮಡಿಲಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕುಳಿತಿರುವಾಗ ಅವಳೇ ಸನ್ಮಾನ ಪತ್ರ ಓದಿದಳು. 'ಶಿಷ್ಯೆಯ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ ಹೃದಯವಂತರೇ' ಎಂಬ ಸಾಲಿಗೆ ಸಭೆ ಎದ್ದು ನಿಂತಿತು.

ಮಾಸ್ಟ್ರು ಹಣ್ಣಿನ ಬುಟ್ಟಿ ಕೆಳಗಿಟ್ಟು, "ನನಗೆ ಎರಡು ಮಾತು ಆಡ್ಲಿಕ್ಕೆ ಉಂಟು" ಎಂದು ಕೈ ಚಾಚಿದರು. ತನ್ಮಯೀ ಅಧ್ಯಕ್ಷರ ಮುಖ ನೋಡಿದಳು. ಅಧ್ಯಕ್ಷರು ವಾಚು ನೋಡಿದರು. ಊಟದ ಹೊತ್ತಾಗಿತ್ತು, ಇನ್ನೂ ನಾಲ್ಕು ಮಂದಿ ಗಣ್ಯರ ಭಾಷಣ ಬಾಕಿ ಇತ್ತು.

"ಈಗ ಬೇಡ ಮಾಸ್ಟ್ರೆ, ಮತ್ತೆ ನೋಡುವ" ಎಂದರು ಯಜ್ಞೇಶ್ವರ, ಪ್ರೀತಿಯಿಂದಲೇ.

ಮರುದಿನ ಬೆಳಿಗ್ಗೆ ಮಾಸ್ಟ್ರು ಗಾಜಿನ ಚೌಕಟ್ಟು ಹಾಕಿದ ಆ ಸನ್ಮಾನ ಪತ್ರವನ್ನು ಪೇಪರಿನಲ್ಲಿ ಸುತ್ತಿಕೊಂಡು ನುಸೈಬಾಳ ಅಂಗಡಿಗೆ ಬಂದರು. ಜೊತೆಗೆ ಸುತ್ತಿಗೆ, ಒಂದು ದೊಡ್ಡ ಮೊಳೆ. ಅವಳು ಸ್ಟೂಲು ಎಳೆದುಕೊಟ್ಟಳು. ಮಾಸ್ಟ್ರು ಚೌಕಟ್ಟಿನ ಹಿಂದಿನ ಚಿಲಕಗಳನ್ನು ಬಿಡಿಸಿ, ಪತ್ರವನ್ನು ಹೊರಗೆಳೆದು, ಮೇಜಿನ ಮೇಲೆ ಹರಡಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. 'ಶಿಷ್ಯೆಯ' ಎಂಬುದನ್ನು ಹೊಡೆದು ಮೇಲೆ 'ತನ್ನ' ಎಂದು ಬರೆದರು. 'ತನ್ನ' ಎಂಬುದನ್ನು ಹೊಡೆದು 'ಶಿಷ್ಯೆಯ' ಎಂದು ಬರೆದರು. ಕೆಳಗೆ ಉದ್ದಕ್ಕೆ ಸಹಿ ಹಾಕಿದರು.

"ಇದು ಇಲ್ಲಿ ನೇತಾಡ್ಲಿ. ಬಂದವರೆಲ್ಲ ಓದ್ಲಿ. ನಂಬದವರಿಗೆ ಓದಿ ಹೇಳ್ಲಿಕ್ಕೆ ನಾನು ದಿನಾ ಬಂದು ಇಲ್ಲಿ ಕೂರ್ತೇನೆ. ಹೇಗೂ ನನಗೆ ಈಗ ಬೇರೆ ಕೆಲಸ ಇಲ್ಲ."

ನುಸೈಬಾ ಪತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡು ನಿಧಾನವಾಗಿ ಓದಿದಳು.

"ಇನ್ನೂ ಒಂದು ತಪ್ಪು ಉಂಟು ಸಾರ್."

"'ಹೃದಯವಂತರೇ' ಅಲ್ವಾ? ಅದೊಂದು ಇರ್ಲಿ ಮಾರಾಯ್ತಿ. ಎಲ್ಲ ತೆಗೆದ್ರೆ ನನಗೆ ಎಂತ ಉಳಿತದೆ?"

"ಅದಲ್ಲ. 'ಹಾಕಿಕೊಂಡ' ಅಂತ ಉಂಟಲ್ಲ, ಅದು. 'ಕೊಂಡ' ಅಂದ್ರೆ ತನ್ನ ಮೇಲೆ ತಾನೇ ಹಾಕಿದ್ದು. ನೀವು ಹಾಕಿದ್ದು ನನ್ನ ಮೇಲೆ."

ಅವಳು ಅವರ ಕೈಯಿಂದ ಪೆನ್ನು ತೆಗೆದುಕೊಂಡು 'ಕೊಂಡ'ವನ್ನು ಅಡ್ಡ ಹೊಡೆದಳು. ಮೇಲೆ ಒಂದು ಪುಟ್ಟ 'ದ' ಬರೆದಳು. 'ತನ್ನ ತಪ್ಪನ್ನು ಶಿಷ್ಯೆಯ ಮೇಲೆ ಹಾಕಿದ.' ಮಾಸ್ಟ್ರು ಎರಡು ಸಲ ಓದಿದರು.

"ಸರಿ ಉಂಟು" ಎಂದರು. ಪತ್ರವನ್ನು ಚೌಕಟ್ಟಿಗೆ ಸೇರಿಸಿ, ಸ್ಟೂಲಿನ ಮೇಲೆ ಹತ್ತಿ, ಮೊಳೆ ಎಲ್ಲಿ ಹೊಡೆಯುದು ಎಂದು ಕೇಳಿದರು.